'ಮನೆಯಲ್ಲೇ ಇರಿ' ಎಂದಾಗ ಡಯಾಲಿಸಿಸ್ ಮಕ್ಕಳು ಎಲ್ಲಿಗೆ ಹೋಗಬೇಕಿತ್ತು?

ಓದುಗರೇ, ಕೋವಿಡ್ ಕಾಲ ಅಂದ ಕೂಡಲೇ ನಿಮಗೆ ಮೊದಲು ನೆನಪಾಗೋದು 'ಮನೆಯಲ್ಲೇ ಇರಿ' ಎಂಬ ಮಾತೇ ಇರಬೇಕು. ನಾವೆಲ್ಲ ಅದನ್ನು ಪಾಲಿಸಿದೆವು. ಆದರೆ ಪಾಲಿಸೋಕೆ ಸಾಧ್ಯವೇ ಇಲ್ಲದ ಮಕ್ಕಳೂ ಇದ್ದರು. ಕಿಡ್ನಿ ಕೆಲಸ ನಿಲ್ಲಿಸಿದ ಮಗುವಿಗೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ 3-4 ಗಂಟೆ ಹಿಮೋಡಯಾಲಿಸಿಸ್ ಬೇಕು. ಹೊಟ್ಟೆಯ ಮೂಲಕ ಮನೆಯಲ್ಲೇ ಮಾಡುವ ಡಯಾಲಿಸಿಸ್ ಇದೆ, ನಿಜ. ಅದು ಎಲ್ಲ ಮಕ್ಕಳಿಗೂ ಒಗ್ಗೋದಿಲ್ಲ. ಇಂಥ ಮಗು ಮನೆಯಲ್ಲಿ ಉಳಿದರೆ ಜೀವಕ್ಕೇ ಅಪಾಯ, ಆಸ್ಪತ್ರೆಗೆ ಹೋದರೆ ವೈರಸ್ಸಿನ ಭಯ.

ಈ ಚಿಕಿತ್ಸೆಯ ಇತಿಹಾಸದಲ್ಲಿ ಮಕ್ಕಳು ಬಹಳ ಕಾಲ ಹೊರಗೇ ಉಳಿದಿದ್ದರು. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ನೆದರ್ಲೆಂಡ್ಸಿನ ಕಾಂಪೆನ್ ಊರಿನಲ್ಲಿ ವಿಲ್ಲೆಮ್ ಕಾಲ್ಫ್ ಎಂಬ ವೈದ್ಯ ಸೆಲೋಫೇನ್ ಕೊಳವೆ ಬಳಸಿ ಕೃತಕ ಕಿಡ್ನಿ ಕಟ್ಟಿದ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯಂತ್ರ ಕಡಿಮೆ, ರೋಗಿಗಳು ಹೆಚ್ಚು. ಯಾರಿಗೆ ಚಿಕಿತ್ಸೆ ಎಂದು ತೀರ್ಮಾನಿಸಲು ಸಮಿತಿ ಕೂತಾಗ, 45 ದಾಟಿದವರನ್ನೂ ಮಕ್ಕಳನ್ನೂ ಮೊದಲೇ ಪಟ್ಟಿಯಿಂದ ಬಿಟ್ಟರು. ಯಂತ್ರವನ್ನು ಮಕ್ಕಳ ಅಳತೆಗೆ ಹೊಂದಿಸೋಕೆ ಮತ್ತಷ್ಟು ವರ್ಷ ಹಿಡಿಯಿತು.

ಅಳತೆ ಯಾಕೆ ಮುಖ್ಯ ಅಂತೀರಾ? ಲೆಕ್ಕ ನೋಡಿ. ಮಗುವಿನ ದೇಹದಲ್ಲಿ ಕಿಲೋಗೆ ಸುಮಾರು 80 ಮಿಲಿಲೀಟರ್ ರಕ್ತ ಇರುತ್ತದೆ. 10 ಕಿಲೋ ಮಗುವಿಗೆ ಒಟ್ಟು 800. ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ರಕ್ತ ಯಂತ್ರದ ಕೊಳವೆಗಳಲ್ಲಿ ಇದ್ದರೆ ಬಿಪಿ ಕುಸಿಯಬಹುದು. ಅದಕ್ಕೇ ನರ್ಸ್ ಮೊದಲೂ ಆಮೇಲೂ ಮಗುವನ್ನು ತೂಗುತ್ತಾರೆ, ಎಷ್ಟು ನೀರು ತೆಗೆಯಬೇಕು ಎಂದು ಲೆಕ್ಕ ಹಾಕುತ್ತಾರೆ, ಮತ್ತೆ ಮತ್ತೆ ಬಿಪಿ ನೋಡುತ್ತಾರೆ. ದೊಡ್ಡವರು 'ತಲೆ ಸುತ್ತುತ್ತಿದೆ' ಎಂದು ಹೇಳುತ್ತಾರೆ. ಪುಟ್ಟ ಮಗು ಆಕಳಿಸುತ್ತದೆ, ರಚ್ಚೆ ಹಿಡಿಯುತ್ತದೆ, ಇಲ್ಲಾ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಅದನ್ನು ಗುರುತಿಸಬೇಕಾದವರು ನರ್ಸ್.

ಕೋವಿಡ್ ಈ ಕೆಲಸವನ್ನು ಇನ್ನಷ್ಟು ಕಷ್ಟ ಮಾಡಿತು. ಒಂದೇ ಹಾಲ್, ಗಂಟೆಗಟ್ಟಲೆ ಅದೇ ಗಾಳಿ, ಜೊತೆಗೆ ಅಪ್ಪ ಅಮ್ಮ. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ವೈರಸ್ ಗಾಳಿಯಿಂದ ಹರಡೋದಿಲ್ಲ ಎಂದಿತ್ತು. ಮುಚ್ಚಿದ ಕೋಣೆಯಲ್ಲಿ ಸಣ್ಣ ಕಣಗಳು ತೇಲುತ್ತಾ ಉಳಿದು ಸೋಂಕು ತರುತ್ತವೆ ಎಂಬುದನ್ನು ಅದು ಸ್ಪಷ್ಟವಾಗಿ ಒಪ್ಪುವಷ್ಟರಲ್ಲಿ 2021 ಬಂದಿತ್ತು. ಡಯಾಲಿಸಿಸ್ ನರ್ಸ್‌ಗಳಿಗೆ ಮಾಸ್ಕ್ ಹೊಸದಲ್ಲ. ಕತ್ತಿನ ಕೆಥೆಟರ್ ಬಿಚ್ಚುವಾಗ ತಾವೂ ಹಾಕಿ ಮಗುವಿಗೂ ಹಾಕಿಸುವುದು ಹಳೇ ರೂಢಿ. ಈಗ ಅದರ ಜೊತೆಗೆ ಬಾಗಿಲಲ್ಲೇ ಜ್ವರ ನೋಡುವುದು, ಒಬ್ಬರೇ ಪೋಷಕರನ್ನು ಬಿಡುವುದು, ಸೋಂಕಿನ ಅನುಮಾನ ಇದ್ದರೆ ಬೇರೆ ಕೋಣೆ ಅಥವಾ ಕೊನೆಯ ಪಾಳಿ ಕೊಡುವುದು, ಕಿಟಕಿ ತೆರೆದಿಡುವುದು ಸೇರಿಕೊಂಡವು.

ಇಷ್ಟೆಲ್ಲ ಆಸ್ಪತ್ರೆ ಬಾಗಿಲು ತಲುಪಿದವರಿಗೆ. ತಲುಪಲಾಗದವರ ಕಥೆ ನಮ್ಮ ಗಡಿಯಲ್ಲೇ ನಡೆಯಿತು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ, ಅಲ್ಲಿನ ಜನ ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದ್ದರು. 2020ರ ಮಾರ್ಚ್ ಕೊನೆಯಲ್ಲಿ, ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದಾಗ, ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ವಾಪಸಾದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಲು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ಕ್ಕೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಯ್ತು. ಅಷ್ಟು ದಿನದಲ್ಲಿ ಒಬ್ಬ ರೋಗಿಗೆ ಎಷ್ಟು ಡಯಾಲಿಸಿಸ್ ತಪ್ಪಬಹುದು, ನೀವೇ ಎಣಿಸಿ.

ಅದೇ ವಾರ ಇನ್ನೊಂದು ಘಟನೆ. ಉಕ್ಕಿನಡ್ಕದಲ್ಲಿ 2013ರಲ್ಲಿ ಅಡಿಗಲ್ಲು ಬಿದ್ದು ಪೂರ್ತಿಯಾಗದೆ ಉಳಿದಿದ್ದ ಸರ್ಕಾರಿ ಮೆಡಿಕಲ್ ಕಾಲೇಜು ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಅದನ್ನು ನಡೆಸಲು ಕೇರಳದ ಇನ್ನೊಂದು ತುದಿಯಿಂದ, ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ, ವೈದ್ಯರು ಮತ್ತು ನರ್ಸ್‌ಗಳ ತಂಡ ಬಂತು. ಪಟ್ಟಂನಿಂದ ದೂರವಿಲ್ಲದ ಅದೇ ಕಾಲೇಜಿನ ಆವರಣದ ಎಸ್‌ಎಟಿ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿಗೇ ಪ್ರತ್ಯೇಕ ವಿಭಾಗವಿದೆ. ಆದರೆ ಕಾಸರಗೋಡಿನ ತಾಯಿ ವಾರಕ್ಕೆ 3 ಸಲ ಮಗುವನ್ನು ಎತ್ತಿಕೊಂಡು ರಾಜಧಾನಿಗೆ ಹೋಗೋಕಾಗುತ್ತಾ? ಡಯಾಲಿಸಿಸ್ ಮನೆಯ ಹತ್ತಿರ ಸಿಗಬೇಕು. ದೂರದಲ್ಲಿದ್ದರೆ, ಒಂದು ಗೇಟು ಮುಚ್ಚಿದರೂ ಸಾಕು, ಚಿಕಿತ್ಸೆ ನಿಲ್ಲುತ್ತದೆ.

ಉರ್ದುವಿನಲ್ಲಿ ರೋಗಿಯ ಆರೈಕೆಗೆ 'ತೀಮಾರ್‌ದಾರಿ' ಅಂತಾರೆ. ಕನ್ನಡದ 'ಶುಶ್ರೂಷೆ' ಸಂಸ್ಕೃತದಿಂದ ಬಂದದ್ದು. ಅದರ ಮೂಲ ಅರ್ಥ, ಕೇಳಿಸಿಕೊಳ್ಳಬೇಕೆಂಬ ಇಚ್ಛೆ. ಹೇಳಿಕೊಳ್ಳಲು ಬಾರದ ಮಗುವಿನ ನೋವನ್ನು ನರ್ಸ್ ಯಂತ್ರದ ಪಕ್ಕ ನಿಂತು ಕೇಳಿಸಿಕೊಳ್ಳುತ್ತಾರೆ. ಮುಂದಿನ ಸಾಂಕ್ರಾಮಿಕ ಬಂದಾಗ ಗಡಿ, ಬಸ್ಸು, ಪಾಸುಗಳ ನಿಯಮ ಬರೆಯುವವರೂ ಈ ಮಕ್ಕಳನ್ನು ಮೊದಲೇ ಲೆಕ್ಕಕ್ಕೆ ತಗೊಳ್ಳಲಿ. ಹಾಗೆ ಕೇಳುವುದು ನಿಮ್ಮ, ನಮ್ಮ ಹಕ್ಕು.