ಬಾಹ್ಯಾಕಾಶ ದರ್ಪಣಗಳೂ ಪದವೀಧರ ಅಂತೇವಾಸಿಗಳೂ

ಶಿಲ್ಪವೊಂದನ್ನು ಕಲಿಯುವುದಕ್ಕಾಗಿ ಗೊತ್ತುಮಾಡಿದ ಕಾಲದವರೆಗೆ ಆಚಾರ್ಯನ ಮನೆಯಲ್ಲಿ ವಾಸಮಾಡುವವನನ್ನು ಧರ್ಮಶಾಸ್ತ್ರಕಾರರು ‘ಅಂತೇವಾಸಿ’ಯೆಂದು ಕರೆದಿದ್ದಾರೆ. ಅಂತೇವಾಸಿಯು ವಿದ್ಯೆಯನ್ನು ಅವಧಿಗೆ ಮೊದಲೇ ಕಲಿತು ಮುಗಿಸಿದರೂ ಒಪ್ಪಿದ ಕಾಲವು ತೀರುವವರೆಗೆ ಗುರುಗೃಹದಲ್ಲಿಯೇ ಇರತಕ್ಕದ್ದು. ಗುರುವು ಅವನಿಗೆ ಅನ್ನವನ್ನು ಕೊಡತಕ್ಕದ್ದು. ಅವನ ಕೆಲಸದ ಫಲವು ಗುರುವಿಗೆ ಸಲ್ಲತಕ್ಕದ್ದು ಎಂಬುದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ವಿಧಿ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣಪಟ್ಟಣದಲ್ಲಿದ್ದವನು. ಶಿಲ್ಪಶಿಕ್ಷಣವನ್ನು ಕಾಲದ ಒಪ್ಪಂದವೆಂದು ಭಾವಿಸುವ ಈ ವಿಚಾರವು ಕನ್ನಡನಾಡಿಗೆ ಹೊರಗಿನಿಂದ ಬಂದುದಲ್ಲವೆಂಬುದಕ್ಕೆ ಇಷ್ಟು ಸಾಕು.

ಸ್ವತಂತ್ರ ಭಾರತದ ಶಾಸನಸಭೆಯು 1961ರಲ್ಲಿ ಇದೇ ವಿಷಯವನ್ನು ಕುರಿತು ಅಪ್ರೆಂಟಿಸ್ ಕಾಯಿದೆಯನ್ನು ಮಾಡಿತು. ಮೊದಲು ಅದು ಕುಶಲಕರ್ಮಿಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದರು. ಅವಧಿ ಸಾಮಾನ್ಯವಾಗಿ ಒಂದು ವರ್ಷ. ಅನ್ನದ ಬದಲು ಮಾಸಾಶನ. ಶಿಕ್ಷಣವು ಮುಗಿದ ಬಳಿಕ ಕೆಲಸವನ್ನು ಕೊಡುವ ಹೊಣೆ ಯಜಮಾನನಿಗಿಲ್ಲ, ಸ್ವೀಕರಿಸುವ ಹೊಣೆ ಶಿಷ್ಯನಿಗಿಲ್ಲ ಎಂದು ಮೂಲ ಕಾಯಿದೆಯು ಹೇಳಿದ್ದಿತು. 2014ರ ತಿದ್ದುಪಡಿಯು ಈ ವಿಷಯದಲ್ಲಿ ಪ್ರತಿಯೊಬ್ಬ ಯಜಮಾನನೂ ತನ್ನದೇ ಆದ ನೀತಿಯನ್ನು ಗೊತ್ತುಮಾಡಿಕೊಳ್ಳಬೇಕೆಂದು ವಿಧಿಸಿತು. ಸ್ಮೃತಿಯು ಶಿಷ್ಯನನ್ನು ಹಿಡಿದಿಟ್ಟಿತು, ಕಾಯಿದೆಯು ಬಿಟ್ಟುಕೊಟ್ಟಿತು. ಸ್ವಾತಂತ್ರ್ಯದ ದೃಷ್ಟಿಯಿಂದ ಇದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ವರ್ಷದಲ್ಲಿ ಕೈಗೆ ಹತ್ತದ ಶಿಲ್ಪಗಳೂ ಉಂಟು. ಬಾಹ್ಯಾಕಾಶಕ್ಕೆ ಕಳುಹಿಸುವ ದೃಗ್ಯಂತ್ರಗಳನ್ನು, ಎಂದರೆ ಬೆಳಕನ್ನು ಹಿಡಿದು ಅಳೆಯುವ ಉಪಕರಣಗಳನ್ನು ನಿರ್ಮಿಸುವ ವಿದ್ಯೆಯು ಅಂಥದು.

ಮಂಗಳೂರಿಗೆ ಕಾರ್ಖಾನೆಯಲ್ಲಿ ನಿಂತು ಕಲಿಯುವ ಪದ್ಧತಿ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟನು ಅಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಜೇಡಿಮಣ್ಣಿನ ಹದವನ್ನೂ ಸುಡುವ ಉರಿಯ ಪ್ರಮಾಣವನ್ನೂ ಯಾರೂ ಪುಸ್ತಕದಿಂದ ಕಲಿಯಲಿಲ್ಲ. 1960ರಲ್ಲಿ ನಗರದ ಉತ್ತರಕ್ಕಿರುವ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರು ಶಾಖೆಗಳಿಂದ ಅದು ಆರಂಭವಾಯಿತು; ದೃಗ್ಯಂತ್ರವಿದ್ಯೆಯು ಅವುಗಳಲ್ಲಿರಲಿಲ್ಲ. ಆಗಿನ ಕಾಲದಲ್ಲಿ ಬೇರೆ ಕಾಲೇಜುಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದ್ದುದರಿಂದ ಇದನ್ನು ದೋಷವೆನ್ನಲಾಗದು. ಬೆಳಕಿನ ವಿದ್ಯೆಯನ್ನು ಕೈಯಾರೆ ಕಲಿಯಬಯಸಿದ ಕರಾವಳಿಯ ಪದವೀಧರನು ಘಟ್ಟವನ್ನು ಹತ್ತಿ ಬೆಂಗಳೂರಿಗೆ ಹೋಗಬೇಕಾಗಿದ್ದಿತು.

ಆ ವಿದ್ಯೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಕನ್ನಡದಲ್ಲಿ ‘ಮಸೂರ’ವೆಂದರೆ ಒಂದು ಬಗೆಯ ಬೇಳೆ, ಲ್ಯಾಟಿನ್ ಭಾಷೆಯ ‘ಲೆನ್ಸ್’ ಎಂಬ ಶಬ್ದಕ್ಕೂ ಅದೇ ಅರ್ಥ. ಹೆಸರು ಅಡುಗೆಮನೆಯದಾದರೂ ವಸ್ತುವು ಅಷ್ಟು ಸುಲಭವಾಗಿ ಒಲಿಯುವುದಲ್ಲ. ದೊಡ್ಡ ದೂರದರ್ಶಕಗಳಲ್ಲಿ ಮಸೂರದ ಸ್ಥಾನವನ್ನು ನಿಮ್ನದರ್ಪಣವು ಪಡೆದಿದೆ. ಗಾಜಿನ ಗಟ್ಟಿಯನ್ನು ಮೊದಲು ಒರಟು ಪುಡಿಯಿಂದಲೂ ಅನಂತರ ನಯವಾದ ಪುಡಿಯಿಂದಲೂ ಅರೆದು, ಕಡೆಗೆ ರಾಳದ ಮೆತ್ತೆಯ ಮೇಲೆ ಮೆರುಗು ಕೊಡುತ್ತಾರೆ. ಉಜ್ಜಿದಾಗ ಗಾಜು ಬಿಸಿಯೇರಿ ಅದರ ಆಕಾರವು ಕಿಂಚಿತ್ ಬದಲಾಗುವುದರಿಂದ, ಅದು ಪೂರ್ಣವಾಗಿ ತಣಿಯುವವರೆಗೆ ಪರೀಕ್ಷೆಯು ನಿಷ್ಪ್ರಯೋಜಕ. ಒಂದು ಗಳಿಗೆ ಉಜ್ಜುವುದು, ಹಲವು ಗಳಿಗೆ ಕಾಯುವುದು, ಅಳೆಯುವುದು, ಮತ್ತೆ ಉಜ್ಜುವುದು. ತಪ್ಪು ಬೆಳಕಿನ ತರಂಗದೈರ್ಘ್ಯದ ಸಣ್ಣದೊಂದು ಅಂಶವನ್ನು ಮೀರಬಾರದು. ಹೆಚ್ಚಾಗಿ ತೆಗೆದ ಗಾಜನ್ನು ಮರಳಿ ಅಂಟಿಸುವ ಉಪಾಯವಿಲ್ಲ; ಸುತ್ತಣ ಮೇಲ್ಮೈಯನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ದರ್ಪವನ್ನುಂಟುಮಾಡುವುದು ದರ್ಪಣವೆಂಬ ವ್ಯುತ್ಪತ್ತಿಯು ನೋಡುವವನ ವಿಷಯದಲ್ಲಿ ನಿಜವಿರಬಹುದು, ಮಾಡುವವನ ವಿಷಯದಲ್ಲಂತೂ ಅಲ್ಲ.

ಈ ಶಿಲ್ಪವನ್ನು ದಕ್ಷಿಣದೇಶದಲ್ಲಿ ನೆಲೆಗೊಳಿಸಿದವರಲ್ಲಿ ವೇಣು ಬಾಪ್ಪು ಅವರು ಪ್ರಮುಖರು. 1899ರಲ್ಲಿ ಕಾರ್ಯಾರಂಭಮಾಡಿದ ಕೊಡೈಕಾನಲ್ ವೀಕ್ಷಣಾಲಯದ ಆಡಳಿತವನ್ನು ಅವರು 1960ರಲ್ಲಿ ವಹಿಸಿಕೊಂಡರು. ಹೊರದೇಶದಿಂದ ತರಿಸಿದ ಯಂತ್ರದಲ್ಲಿ ನೋಡುವುದಷ್ಟೇ ಖಗೋಳವಿಜ್ಞಾನಿಯ ಕೆಲಸವಲ್ಲ, ಯಂತ್ರವನ್ನು ಕಟ್ಟುವುದೂ ಅವನ ಶಿಕ್ಷಣದ ಭಾಗವೇ ಎಂಬುದನ್ನು ಅವರು ಆಚರಣೆಯಲ್ಲಿ ತೋರಿಸಿದರು. ತಮಿಳುನಾಡಿನ ಕಾವಲೂರಿನಲ್ಲಿ 1968ರಲ್ಲಿ ನೆಲೆಯಾದ 38 ಸೆಂಟಿಮೀಟರ್ ದೂರದರ್ಶಕವು ಕೊಡೈಕಾನಲ್ಲಿನ ಕಾರ್ಯಾಗಾರದಲ್ಲಿಯೇ ಸಿದ್ಧವಾದುದು. 1971ರಲ್ಲಿ ಭಾರತೀಯ ಖಭೌತಶಾಸ್ತ್ರ ಸಂಸ್ಥೆಯು ಸ್ವಾಯತ್ತವಾಯಿತು. 1975ರಲ್ಲಿ ಅದರ ಮುಖ್ಯಸ್ಥಾನವು ಬೆಂಗಳೂರಿಗೆ ಬಂದಿತು. ಅಲ್ಲಿನ ದೃಗ್ವಿಜ್ಞಾನ ಪ್ರಯೋಗಶಾಲೆಯಲ್ಲಿ 2.34 ಮೀಟರ್ ವ್ಯಾಸದ ದರ್ಪಣವನ್ನು ಅರೆದು ಮೆರುಗಿಡುವ ಕೆಲಸವು ವರ್ಷಗಟ್ಟಲೆ ನಡೆಯಿತು. ಗಾಜು ಜರ್ಮನಿಯದು, ಆಕಾರವು ಇಲ್ಲಿಯದು. ಬಾಪ್ಪು ಅವರು 1982ರಲ್ಲಿ ತೀರಿಕೊಂಡರು. ದೂರದರ್ಶಕವು 1986ರ ಜನವರಿ 6ರಂದು ಅವರ ಹೆಸರಿನಿಂದಲೇ ಲೋಕಾರ್ಪಣೆಯಾಯಿತು. ಇಂಥ ಕೆಲಸಕ್ಕೆ ಒಂದು ವರ್ಷದ ಅವಧಿಯ ಶಿಷ್ಯನು ಬಂದಿದ್ದರೆ ಅವನು ದರ್ಪಣದ ಆದಿಯನ್ನೋ ಮಧ್ಯವನ್ನೋ ಅಂತ್ಯವನ್ನೋ ಕಂಡಿರುತ್ತಿದ್ದನು, ಮೂರನ್ನೂ ಕಾಣುತ್ತಿರಲಿಲ್ಲ.

ಇದೇ ಕಾಲದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಇನ್ನೊಂದು ಗುರುಕುಲವು ನಡೆಯುತ್ತಿದ್ದಿತು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರರಾಯರು ಅಲ್ಲಿಯ ಕೈಗಾರಿಕಾ ಶೆಡ್ಡುಗಳಲ್ಲಿ ತರುಣ ಇಂಜಿನಿಯರುಗಳನ್ನು ಕೂಡಿಸಿಕೊಂಡು ಆರ್ಯಭಟ ಉಪಗ್ರಹವನ್ನು ಕಟ್ಟಿಸಿದರು. ಉಪಗ್ರಹವನ್ನು ಹಿಂದೆ ಕಟ್ಟಿ ಅನುಭವವಿದ್ದವರು ದೇಶದಲ್ಲಿರಲಿಲ್ಲವಾದ್ದರಿಂದ ಗುರುವೂ ಶಿಷ್ಯನೂ ಒಟ್ಟಿಗೆ ಕಲಿತರು. 1975ರ ಏಪ್ರಿಲ್ 19ರಂದು ಅದು ಮೇಲೇರಿತು. ಐದನೆಯ ದಿನ ವಿದ್ಯುತ್ ಪೂರೈಕೆಯ ದೋಷದಿಂದ ವೈಜ್ಞಾನಿಕ ಪ್ರಯೋಗಗಳು ನಿಂತವು. ಭೂಮಿಯ ಮೇಲಿನ ದೂರದರ್ಶಕಕ್ಕೂ ಬಾಹ್ಯಾಕಾಶದ ಉಪಕರಣಕ್ಕೂ ಇರುವ ಮುಖ್ಯ ಅಂತರವನ್ನು ಈ ಘಟನೆಯು ತೋರಿಸುತ್ತದೆ. ಕಾವಲೂರಿನ ದರ್ಪಣವು ಮಂಕಾದರೆ ಇಳಿಸಿ, ತೊಳೆದು, ಮತ್ತೆ ಅಲ್ಯೂಮಿನಿಯಂ ಲೇಪವನ್ನು ಕೊಡಬಹುದು. ಮೇಲೇರಿದುದನ್ನು ಹಾಗೆ ಮುಟ್ಟುವಂತಿಲ್ಲ.

2015ರ ಸೆಪ್ಟೆಂಬರ್ 28ರಂದು ಉಡಾವಣೆಯಾದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಲ್ಲಿ ಈ ಕಷ್ಟವು ಸ್ಪಷ್ಟವಾಗಿ ಕಾಣುತ್ತದೆ. 38 ಸೆಂಟಿಮೀಟರ್ ದ್ವಾರದ ಜೋಡಿ ದೂರದರ್ಶಕಗಳು ಅದರಲ್ಲಿವೆ. ಅದು ಹಿಡಿಯುವ ಬೆಳಕಿನ ತರಂಗವು 130 ನ್ಯಾನೊಮೀಟರಿನಷ್ಟು ಕಿರಿದಾಗಿರುತ್ತದೆ. ಹಸುರು ಬೆಳಕಿನ ಸುಮಾರು ಕಾಲುಭಾಗ. ಆದುದರಿಂದ ಅದೇ ಕೊರತೆ ಇಲ್ಲಿ ನಾಲ್ಕರಷ್ಟು ದೊಡ್ಡದಾಗಿ ತೋರುತ್ತದೆ. ಮೇಲಾಗಿ, ಅಂಟಿನಿಂದಲೋ ತಂತಿಯ ಹೊದಿಕೆಯಿಂದಲೋ ಹೊರಬಿದ್ದ ಆವಿಯು ದರ್ಪಣದ ಮೇಲೆ ಅತ್ಯಂತ ತೆಳ್ಳಗೆ ಕುಳಿತರೂ ಅದು ನೇರಳಾತೀತ ಬೆಳಕನ್ನು ನುಂಗಿಬಿಡುತ್ತದೆ. ಹೊಸಕೋಟೆಯ ಶುದ್ಧಕೋಣೆಗಳಲ್ಲಿ ಮೈಯೆಲ್ಲ ಮುಚ್ಚುವ ಉಡುಪನ್ನು ಧರಿಸಿ ಇದನ್ನು ಜೋಡಿಸಿದರು. ಇಲ್ಲಿ ಕಲಿಯುವವನು ಅರಿಯಬೇಕಾದ ಮೊದಲ ಪಾಠವು ಗಣಿತದ್ದಲ್ಲ. ಯಾವುದನ್ನು ಮುಟ್ಟಬಾರದು, ಎಲ್ಲಿ ನಿಲ್ಲಬಾರದು ಎಂಬುದು. ಆಸ್ಟ್ರೋಸ್ಯಾಟ್ ಯೋಜನೆಗೆ ಅನುಮತಿ ದೊರೆತುದು 2004ರಲ್ಲಿ. ಉಡಾವಣೆಗೆ ಹನ್ನೊಂದು ವರ್ಷಗಳು ಹಿಡಿದವು.

ಆದಿತ್ಯದ ಕಥೆಯು ಇನ್ನೂ ದೀರ್ಘ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತೀರದಲ್ಲಿ ಕನ್ನಡನಾಡನ್ನು ಹೊಕ್ಕು ಹುಬ್ಬಳ್ಳಿ, ರಾಯಚೂರುಗಳನ್ನು ಹಾದುಹೋಯಿತು. ಆ ವರ್ಷದಿಂದ 2010ರವರೆಗೆ ಖಭೌತಶಾಸ್ತ್ರ ಸಂಸ್ಥೆಯ ಜಗದೇವ ಸಿಂಗರು ಹತ್ತು ಗ್ರಹಣಗಳ ಬೆನ್ನುಹತ್ತಿ ಲೋಕವನ್ನು ಸುತ್ತಿದರು. ಪ್ರತಿಸಲವೂ ಸೂರ್ಯನ ಕಿರೀಟವು ಕೆಲವು ನಿಮಿಷ ಮಾತ್ರ ಕಂಡಿತು. ಕೃತಕಗ್ರಹಣವನ್ನು ನಿತ್ಯವೂ ಉಂಟುಮಾಡುವ ಕಿರೀಟದರ್ಶಕವನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಆಲೋಚನೆಯು 2008ರಲ್ಲಿ ರೂಪುತಾಳಿತು. ಕಿರೀಟದ ಪ್ರಭೆಯು ಸೂರ್ಯಬಿಂಬದ ಪ್ರಭೆಯ ದಶಲಕ್ಷದ ಒಂದಂಶದಷ್ಟು. ದರ್ಪಣದ ಮೇಲಿನ ಒಂದು ಧೂಳಿನ ಕಣವು ಬಿಂಬದ ಬೆಳಕನ್ನು ಚೆದುರಿಸಿದರೆ ಕಿರೀಟವು ಅದರಲ್ಲಿಯೇ ಮುಳುಗಿಹೋಗುತ್ತದೆ. ಆದುದರಿಂದ ಮುಖ್ಯ ದರ್ಪಣದ ನುಣುಪು ಪರಮಾಣುವಿನ ಗಾತ್ರದ ಲೆಕ್ಕದಲ್ಲಿ ಇರಬೇಕಾಯಿತು. ಹೊಸಕೋಟೆಯಲ್ಲಿ ಜೋಡಿಸಿದ ಈ ಉಪಕರಣವನ್ನು 2023ರ ಜನವರಿ 26ರಂದು ಇಸ್ರೋ ಸಂಸ್ಥೆಗೆ ಒಪ್ಪಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 2ರಂದು ಆದಿತ್ಯ ಎಲ್-1 ನೌಕೆಯು ಅದನ್ನು ಹೊತ್ತು ಹೊರಟಿತು. ಆಲೋಚನೆಯಿಂದ ಉಡಾವಣೆಗೆ ಹದಿನೈದು ವರ್ಷಗಳು.

ಇಸ್ರೋದ ಕೇಂದ್ರಗಳು ಅಪ್ರೆಂಟಿಸ್ ಕಾಯಿದೆಯಂತೆ ಪದವೀಧರರನ್ನು ಒಂದೊಂದು ವರ್ಷಕ್ಕೆ ತೆಗೆದುಕೊಳ್ಳುತ್ತಲೇ ಬಂದಿವೆ. ಅದರಿಂದ ಪರೀಕ್ಷಾಕ್ರಮವೂ ಶಿಸ್ತೂ ಬರುತ್ತವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೈಯ ಹದಕ್ಕೆ ಬೇಕಾದ ಕಾಲವನ್ನು ಸಂಸ್ಥೆಗಳು ಕಾಯಿದೆಯ ಹೊರಗೆ ಹುಡುಕಬೇಕಾಯಿತು. ಖಭೌತಶಾಸ್ತ್ರ ಸಂಸ್ಥೆಯು ಕಲ್ಕತ್ತಾ ವಿಶ್ವವಿದ್ಯಾಲಯದೊಡನೆ ಕೂಡಿ 2008ರಲ್ಲಿ ಖಗೋಳೋಪಕರಣ ವಿಷಯದಲ್ಲಿ ಎಂ.ಟೆಕ್. ಮತ್ತು ಪಿಎಚ್.ಡಿ.ಗಳನ್ನು ಒಂದಾಗಿ ಬೆಸೆದ ಶಿಕ್ಷಣಕ್ರಮವನ್ನು ಆರಂಭಿಸಿತು. ಇದರಲ್ಲಿ ಪದವೀಧರನು ಹಲವು ವರ್ಷ ಪ್ರಯೋಗಶಾಲೆಯಲ್ಲಿಯೇ ಉಳಿಯುತ್ತಾನೆ. ಹೆಸರಿಗೆ ಇದು ವಿಶ್ವವಿದ್ಯಾಲಯದ ಪದವಿಯಾದರೂ ಸ್ವರೂಪದಲ್ಲಿ ಯಾಜ್ಞವಲ್ಕ್ಯನ ಅಂತೇವಾಸಿತ್ವಕ್ಕೆ ಕಾಯಿದೆಗಿಂತ ಹತ್ತಿರವಾಗಿದೆ.

ಸುರತ್ಕಲ್ಲಿನ ಕಾಲೇಜು 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು. 2020ರಲ್ಲಿ ಇಸ್ರೋ ಅದರೊಡನೆ ಒಪ್ಪಂದಮಾಡಿಕೊಂಡು ದಕ್ಷಿಣವಲಯದ ಬಾಹ್ಯಾಕಾಶ ಶೈಕ್ಷಣಿಕ ಕೇಂದ್ರವನ್ನು ಅಲ್ಲಿ ನೆಲೆಗೊಳಿಸಿತು. ರಾಮಚಂದ್ರರಾಯರು ಅದನ್ನು ಕಾಣಲಿಲ್ಲ. ಅವರು 2017ರಲ್ಲಿ ತೀರಿಕೊಂಡಿದ್ದರು. ಆದಿತ್ಯವು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿದುದು 2024ರ ಜನವರಿ 6ರಂದು. ಕಾವಲೂರಿನ ದರ್ಪಣವು ಲೋಕಾರ್ಪಣೆಯಾಗಿ ಅಂದಿಗೆ ಸರಿಯಾಗಿ ಮೂವತ್ತೆಂಟು ವರ್ಷಗಳಾಗಿದ್ದವು.