ಕೃಷಿಭೂಮಿ ಮತ್ತು ತೋಟಗಳ ನೋಂದಾಯಿತ ಮೌಲ್ಯಮಾಪಕರಾಗಲು ಬೇಕಾದ ಅರ್ಹತೆಗಳು

ಮಂಗಳೂರು ನಗರವು ವಿಸ್ತರಿಸಿದಂತೆ ಅದರ ಆಸುಪಾಸಿನ ಗದ್ದೆ, ಅಡಿಕೆ ಮತ್ತು ತೆಂಗಿನ ತೋಟಗಳಿಗೆ ಬೆಲೆ ಕಟ್ಟಿಸಬೇಕಾದ ಸಂದರ್ಭಗಳು ಹೆಚ್ಚಿವೆ. ಭೂಸ್ವಾಧೀನ, ಬ್ಯಾಂಕ್ ಸಾಲ, ಕುಟುಂಬದ ಪಾಲು, ಮಾರಾಟದ ನಂತರದ ತೆರಿಗೆ ಇವೆಲ್ಲಕ್ಕೂ ಮೌಲ್ಯಮಾಪನ ವರದಿ ಬೇಕಾಗಬಹುದು. ಕಟ್ಟಡಗಳಿಗೆ ಮಾತ್ರ ನೋಂದಣಿ ಪಡೆದವರಿಂದ ತೋಟದ ವರದಿಯನ್ನೂ ಬರೆಸಿ, ಅದು ಸಲ್ಲದೆಂದಾದ ಮೇಲೆ ಎರಡನೆಯ ಸಲ ಶುಲ್ಕ ತೆರುವ ರೈತರಿದ್ದಾರೆ. ನಮ್ಮ ದೇಶದಲ್ಲಿ ಎಲ್ಲ ಸ್ಥಿರಾಸ್ತಿಗಳಿಗೂ ಅನ್ವಯಿಸುವ ಒಂದೇ ಪರವಾನಗಿ ಇಲ್ಲದಿರುವುದೇ ಇದಕ್ಕೆ ಕಾರಣ.

ಕೃಷಿ ಪದವೀಧರರಿಗೆ ನೇರವಾಗಿ ಸಂಬಂಧಿಸಿದ ನೋಂದಣಿಯು 1957ರ ಸಂಪತ್ತು ತೆರಿಗೆ ಕಾಯಿದೆಯ 34ಎಬಿ ಕಲಮಿನದು. 2015ರ ಹಣಕಾಸು ಕಾಯಿದೆಯ ಮೂಲಕ ಸಂಪತ್ತು ತೆರಿಗೆ ರದ್ದಾದರೂ ಆದಾಯ ತೆರಿಗೆಯ ಉದ್ದೇಶಗಳಿಗೆ ಈ ನೋಂದಣಿ ಬಳಕೆಯಲ್ಲಿ ಉಳಿಯಿತು. ಇದರ ನಿಯಮ 8ಎ ಪ್ರಕಾರ ಕೃಷಿಭೂಮಿಯ ಮೌಲ್ಯಮಾಪಕರಾಗಲು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಪದವಿಯೊಂದಿಗೆ, ಜಮೀನು ಮೌಲ್ಯಮಾಪನದಲ್ಲಿ ಕನಿಷ್ಠ 5 ವರ್ಷಗಳ ಅನುಭವವಿರಬೇಕು. ಜಿಲ್ಲಾಧಿಕಾರಿ, ಭೂದಾಖಲೆಗಳ ಅಧೀಕ್ಷಕ, ಕೃಷಿ ಅಧಿಕಾರಿ, ನೋಂದಣಾಧಿಕಾರಿ ಮುಂತಾದ ಹುದ್ದೆಗಳಲ್ಲಿ ಒಟ್ಟು 5 ವರ್ಷಗಳಿಗೆ ಕಡಿಮೆಯಿಲ್ಲದಂತೆ ಸೇವೆ ಸಲ್ಲಿಸಿ ನಿವೃತ್ತರಾದವರಿಗೂ ಅವಕಾಶವಿದೆ. ನಮ್ಮ ವಿಸ್ತರಣಾ ಅಧಿಕಾರಿಗಳಲ್ಲಿ ಅನೇಕರು ಈ ಎರಡನೆಯ ದಾರಿಯನ್ನು ಗಮನಿಸಿಯೇ ಇಲ್ಲ.

ಕಾಫಿ, ಚಹಾ, ರಬ್ಬರ್ ಮತ್ತು ಏಲಕ್ಕಿ ತೋಟಗಳಿಗೆ ಪ್ರತ್ಯೇಕ ವರ್ಗವಿದೆ. ಇಲ್ಲಿ ಪದವಿಗಿಂತ ತೋಟದ ಅನುಭವಕ್ಕೆ ಮಹತ್ವ. ಕಾಫಿ, ಚಹಾ ಅಥವಾ ರಬ್ಬರ್ ಆದರೆ 40 ಹೆಕ್ಟೇರ್, ಏಲಕ್ಕಿಯಾದರೆ 4 ಹೆಕ್ಟೇರ್‌ಗೆ ಕಡಿಮೆಯಿಲ್ಲದ ತೋಟವನ್ನು 5 ವರ್ಷ ಹೊಂದಿದ್ದವರು ಅಥವಾ ನಿರ್ವಹಿಸಿದವರು ಅರ್ಹರು. ದಕ್ಷಿಣ ಕನ್ನಡದ ಜೀವಾಳವಾದ ಅಡಿಕೆಯ ಹೆಸರು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಅಡಿಕೆ ತೋಟಕ್ಕೆ ಕೃಷಿಭೂಮಿ ವರ್ಗದ ಮೌಲ್ಯಮಾಪಕರನ್ನೇ ಸಂಪರ್ಕಿಸುವುದು ಸೂಕ್ತ.

ಎರಡನೆಯದು 2013ರ ಕಂಪನಿ ಕಾಯಿದೆಯ 247ನೇ ಕಲಮು ಮತ್ತು 2017ರ ನಿಯಮಗಳ ಅಡಿಯ ನೋಂದಣಿ. ಇದನ್ನು ನೀಡುವುದು ಭಾರತೀಯ ದಿವಾಳಿತನ ಮಂಡಳಿ (ಐಬಿಬಿಐ). ‘ಭೂಮಿ ಮತ್ತು ಕಟ್ಟಡ’ ವರ್ಗಕ್ಕೆ ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ, ನಗರ ಯೋಜನೆ ಅಥವಾ ತತ್ಸಮಾನ ಪದವಿಯೊಂದಿಗೆ 5 ವರ್ಷ, ನಿಗದಿತ ಸ್ನಾತಕೋತ್ತರ ಪದವಿಯೊಂದಿಗೆ 3 ವರ್ಷ ಅನುಭವ ಬೇಕು. ಮಾನ್ಯತೆ ಪಡೆದ ಮೌಲ್ಯಮಾಪಕರ ಸಂಸ್ಥೆಯ ಸದಸ್ಯತ್ವ ಪಡೆದು, 50 ಗಂಟೆಗಳ ತರಬೇತಿ ಮುಗಿಸಿ, ಗಣಕಯಂತ್ರದ ಮೂಲಕ ನಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಕೃಷಿ ಪದವಿಯನ್ನು ನಿಯಮವು ಹೆಸರಿಸಿಲ್ಲ. ಕೃಷಿ ಪದವೀಧರರು ತರಬೇತಿಗೆ ಹಣ ಕಟ್ಟುವ ಮೊದಲೇ ತಮ್ಮ ಅರ್ಹತೆಯನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಬ್ಯಾಂಕುಗಳು ತಮ್ಮದೇ ಮೌಲ್ಯಮಾಪಕರ ಪಟ್ಟಿ ಇಟ್ಟುಕೊಂಡಿರುತ್ತವೆ. ನೋಂದಣಿ ಇದ್ದ ಮಾತ್ರಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆಯದು.

ಭೂಸ್ವಾಧೀನದಲ್ಲಿ ಕ್ರಮವೇ ಬೇರೆ. 2013ರ ಭೂಸ್ವಾಧೀನ ಕಾಯಿದೆಯ 29ನೇ ಕಲಮಿನಂತೆ ಕಟ್ಟಡಕ್ಕೆ ಸಮರ್ಥ ಎಂಜಿನಿಯರ್ ಅಥವಾ ಆಯಾ ಕ್ಷೇತ್ರದ ತಜ್ಞರನ್ನೂ, ಮರಗಿಡಗಳಿಗೆ ಕೃಷಿ, ಅರಣ್ಯ, ತೋಟಗಾರಿಕೆ, ರೇಷ್ಮೆ ಕ್ಷೇತ್ರಗಳ ಅನುಭವಿಗಳನ್ನೂ ಜಿಲ್ಲಾಧಿಕಾರಿಗಳು ಬಳಸಿಕೊಳ್ಳಬಹುದು. ಜಂಟಿ ಪರಿಶೀಲನೆಯ ದಿನ ರೈತರು ಸ್ಥಳದಲ್ಲಿದ್ದು ಮರಗಳ ಸಂಖ್ಯೆಯೊಂದಿಗೆ ವಯಸ್ಸು, ಇಳುವರಿ ಮತ್ತು ನೀರಾವರಿಯನ್ನೂ ಬರೆಸಬೇಕು. 2.7 ಮೀ. ಅಂತರದ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಅಡಿಕೆ ಮರಗಳಿರುತ್ತವೆ. ಫಸಲಿಗೆ ಬಾರದ ಸಸಿಯನ್ನೂ ತುಂಬು ಫಸಲಿನ ಮರವನ್ನೂ ಒಂದೇ ದರದಲ್ಲಿ ಎಣಿಸಿದರೆ ರೈತರಿಗಾಗುವ ನಷ್ಟ ಅಲ್ಪವಲ್ಲ.

ತೆರಿಗೆಯ ವಿಷಯದಲ್ಲಿ ದೂರವೂ ಮುಖ್ಯ. 1 ಲಕ್ಷಕ್ಕಿಂತ ಹೆಚ್ಚು, 10 ಲಕ್ಷದವರೆಗೆ ಜನಸಂಖ್ಯೆಯಿರುವ ನಗರದ ಗಡಿಯಿಂದ ವಾಯುಮಾರ್ಗದ ಅಳತೆಯಲ್ಲಿ 6 ಕಿ.ಮೀ. ಒಳಗಿನ ಕೃಷಿಭೂಮಿಯು ಬಂಡವಾಳ ಆಸ್ತಿಯೆನಿಸುತ್ತದೆ. 2011ರ ಜನಗಣತಿಯಂತೆ ಮಂಗಳೂರು ಈ ಗುಂಪಿನಲ್ಲಿದೆ. ಇಂತಹ ಹಳೆಯ ಜಮೀನನ್ನು ಮಾರಿದಾಗ 2001ರ ಏಪ್ರಿಲ್ 1ರ ಮೌಲ್ಯದ ವರದಿ ಕೇಳಲಾಗುತ್ತದೆ.

ವೃತ್ತಿಗೆ ಬರುವವರು ಕರಾವಳಿಯ ಹಿಡುವಳಿ ಪದ್ಧತಿಯನ್ನು ಅರಿತಿರಲೇಬೇಕು. ವರ್ಗ ಜಮೀನಿಗೆ ಹೊಂದಿಕೊಂಡ ಕುಮ್ಕಿ ಸರ್ಕಾರದ್ದು. ಸೊಪ್ಪು, ಸೌದೆ, ಮೇವಿನ ಸೌಲಭ್ಯ ಮಾತ್ರ ವರ್ಗದಾರರದು. ಕುಮ್ಕಿಯಲ್ಲಿ ಬೆಳೆದ ಅಡಿಕೆಯನ್ನು ಪಟ್ಟಾ ಜಮೀನಿನ ತೋಟದೊಂದಿಗೆ ಸೇರಿಸಿ ಬೆಲೆ ಕಟ್ಟಿದ ವರದಿಯು ಪಹಣಿಯೊಂದಿಗೆ ತಾಳೆಯಾಗದು.

ರೈತರು ಮುಂಗಡ ಕೊಡುವ ಮುನ್ನ ಮೌಲ್ಯಮಾಪಕರ ನೋಂದಣಿ ಪತ್ರವನ್ನು ಕೇಳಿ, ಅದರಲ್ಲಿನ ಆಸ್ತಿ ವರ್ಗವನ್ನು ಓದಿಕೊಳ್ಳಬೇಕು. ವರದಿ ಪಡೆಯುವ ಕಚೇರಿ ಯಾವ ನೋಂದಣಿಯನ್ನು ಒಪ್ಪುತ್ತದೆಂಬುದನ್ನೂ ಮೊದಲೇ ವಿಚಾರಿಸಬೇಕು. ನಿಯಮಗಳು ತಿದ್ದುಪಡಿಯಾಗುತ್ತಿರುವುದರಿಂದ ಅರ್ಜಿದಾರರು ಆದಾಯ ತೆರಿಗೆ ಇಲಾಖೆ ಅಥವಾ ಐಬಿಬಿಐನಿಂದ ಆ ದಿನಕ್ಕೆ ಜಾರಿಯಲ್ಲಿರುವ ನಿಯಮವನ್ನು ಪಡೆದುಕೊಳ್ಳಬೇಕು.