ಸೋತ ಕಾಲುಗಳ ಚರಿತ್ರೆ

ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮಗನಾದ ಸಸೆಕ್ಸಿನ ಡ್ಯೂಕನಿಗೂ ಆಗಸ್ಟಾ ಮರ್ರೆ ಎಂಬ ಕುಲೀನ ಮಹಿಳೆಗೂ 1794ರಲ್ಲಿ ಜನಿಸಿದ ಆಗಸ್ಟಸ್ ದೆಸ್ತೆಯು, ತಂದೆತಾಯಿಗಳ ವಿವಾಹವು ದೊರೆಯ ಅನುಮತಿಯಿಲ್ಲದೆ ನಡೆದುದರಿಂದ ಅಸಿಂಧುವೆಂದು ನಿರ್ಣೀತವಾದ ಕಾರಣ, ರಾಜನ ಮೊಮ್ಮಗನಾಗಿಯೂ ರಾಜಕುಮಾರನೆನ್ನಿಸಿಕೊಳ್ಳದೆ ಬೆಳೆದನು. ಸೈನ್ಯವನ್ನು ಸೇರಿ, ನ್ಯೂ ಆರ್ಲಿಯನ್ಸಿನ ಕದನದ ಕಾಲದಲ್ಲಿ ಸೇನಾಧಿಕಾರಿಯೊಬ್ಬನ ಸಹಾಯಕನಾಗಿದ್ದನು. ಇಷ್ಟೇ ಆಗಿದ್ದರೆ ಅವನನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ತನ್ನ 28ನೆಯ ವಯಸ್ಸಿನಿಂದ ಮೊದಲುಗೊಂಡು ಎರಡು ದಶಕಗಳಿಗೂ ಮೀರಿದ ಕಾಲ, ತನ್ನ ಕಣ್ಣಿನಲ್ಲಿಯೂ ಬೆನ್ನಿನಲ್ಲಿಯೂ ಕಾಲುಗಳಲ್ಲಿಯೂ ಏನು ನಡೆಯಿತೆಂಬುದನ್ನು ಅವನು ದಿನಚರಿಯಲ್ಲಿ ಬರೆದಿಟ್ಟನು. ಆ ಬರಹವೇ, ಇಂದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ನಾವು ಕರೆಯುವ ವ್ಯಾಧಿಯ ವಿಷಯದಲ್ಲಿ, ಅದನ್ನು ಅನುಭವಿಸಿದವನೇ ಬರೆದ ವಿವರವಾದ ವೃತ್ತಾಂತಗಳಲ್ಲಿ ಅತ್ಯಂತ ಪ್ರಾಚೀನವಾದುದೆಂದು ವೈದ್ಯಚರಿತ್ರಕಾರರು ಗಣಿಸುತ್ತಾರೆ.

1822ರ ಡಿಸೆಂಬರಿನಲ್ಲಿ ಅವನು ಸ್ಕಾಟ್ಲೆಂಡಿನ ಮಲೆನಾಡಿಗೆ, ತಾನು ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬನನ್ನು ನೋಡಲು ಹೋದನು. ಹೋಗಿ ತಲಪುವಷ್ಟರಲ್ಲಿ ಆ ಬಂಧು ತೀರಿಕೊಂಡಿದ್ದನು. ಅಂತ್ಯಕ್ರಿಯೆಯಲ್ಲಿ ಅಳುವನ್ನು ತಡೆಯಲು ಬಲವಾಗಿ ಹೆಣಗಿಯೂ ತಡೆಯಲಾರದೆ ಹೋದವನಿಗೆ, ಅದಾದ ಸ್ವಲ್ಪ ದಿನಗಳಲ್ಲಿಯೇ ಕಣ್ಣು ಮಂಜಾಗಿ, ಬಂದ ಪತ್ರಗಳನ್ನು ಬೇರೆಯವರಿಂದ ಓದಿಸಿಕೊಂಡು ಉತ್ತರವನ್ನೂ ಅವರಿಂದಲೇ ಬರೆಯಿಸಬೇಕಾಯಿತು. ಯಾವ ಔಷಧವೂ ಇಲ್ಲದೆ ಆ ಮಂಜು ತಾನಾಗಿ ಕಳೆಯಿತು. ಹೀಗೆ ಬಂದು, ಹೋಗಿ, ಮತ್ತೆ ಬರುವುದು ಈ ರೋಗದ ಸ್ವಭಾವ. ಬಂದಾಗ ರೋಗಿಯು ಹೆದರುತ್ತಾನೆ, ಹೋದಾಗ ಸುತ್ತಲಿನವರು ಅದನ್ನು ಮರೆತುಬಿಡುತ್ತಾರೆ.

ಕಾಲುಗಳ ಸರದಿ 1827ರಲ್ಲಿ ಬಂದಿತು. ಆಗ ದೆಸ್ತೆಯು ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದನು. ಮೊದಲು ಒಂದು ವಸ್ತು ಎರಡಾಗಿ ಕಾಣಿಸತೊಡಗಿತು. ಪಿತ್ತದ ದೋಷವೆಂದು ಬಗೆದ ವೈದ್ಯನು ಕಣತಲೆಗೆ ಜಿಗಣೆಯನ್ನು ಹಚ್ಚಿಸಿ, ತೋಳಿನಿಂದ ರಕ್ತವನ್ನು ತೆಗೆಸಿದನು. ದೃಷ್ಟಿಯು ಸರಿಹೋಯಿತೆಂದು ಸಮಾಧಾನಗೊಳ್ಳುವುದರೊಳಗೆ ದಿನದಿಂದ ದಿನಕ್ಕೆ ಶಕ್ತಿಯು ಕುಂದುತ್ತ, ಬೆನ್ನೆಲುಬಿನ ತುದಿಯಲ್ಲಿ ಜೋಮು ಹಿಡಿದು, ಡಿಸೆಂಬರ್ 4ರ ಸುಮಾರಿಗೆ ಕಾಲುಗಳ ಬಲವೇ ಪೂರ್ತಿಯಾಗಿ ಉಡುಗಿಹೋಯಿತು. ಒಂದೇ ದಿನ ಎರಡು ಸಲ, ಯಾರ ಆಸರೆಯೂ ಇಲ್ಲದೆ ಶೌಚದ ಪೀಠದವರೆಗೆ ಹೋಗುವ ಯತ್ನದಲ್ಲಿ ನೆಲಕ್ಕೆ ಬಿದ್ದು, ಸೇವಕನು ಬಂದು ಎತ್ತುವವರೆಗೆ ಅಲ್ಲಿಯೇ ಇರಬೇಕಾಯಿತು. ಸುಮಾರು 21 ದಿನಗಳ ಆ ದೌರ್ಬಲ್ಯದ ಕಾಲದಲ್ಲಿ ತಾನು ಹೆಚ್ಚುಕಡಿಮೆ ಐದು ಸಲ ಬಿದ್ದುದನ್ನೂ, ಬಿದ್ದಾಗ ಒಮ್ಮೆಯೂ ಮೂರ್ಛೆ ಹೋಗಲಿಲ್ಲವೆಂಬುದನ್ನೂ, ದೇಹದ ಭಾರವನ್ನು ಕಾಲು ತಾಳದೆ ಹೋದುದೇ ಬೀಳುವುದಕ್ಕೆ ಕಾರಣವೆಂಬುದನ್ನೂ ಅವನು ನಿಖರವಾಗಿ ನಮೂದಿಸಿದ್ದಾನೆ. ಅವಮಾನವನ್ನು ಮುಚ್ಚಿಡುವುದಕ್ಕೆ ಎಲ್ಲ ಕಾರಣಗಳೂ ಇದ್ದ ಸೈನಿಕನೊಬ್ಬನು, ಮೂರ್ಛೆಗೂ ಕಾಲಿನ ಸೋಲಿಗೂ ಇರುವ ಭೇದವನ್ನು ಇಷ್ಟು ತಾಳ್ಮೆಯಿಂದ ವಿಂಗಡಿಸಿ ಬರೆದುದು ನನ್ನಲ್ಲಿ ಆಳವಾದ ಗೌರವವನ್ನು ಹುಟ್ಟಿಸುತ್ತದೆ. ಇಂದಿನ ನರರೋಗತಜ್ಞನೂ ಬಿದ್ದವನನ್ನು ಮೊದಲು ಕೇಳುವ ಪ್ರಶ್ನೆ ಅದೇ: ಎಚ್ಚರ ತಪ್ಪಿತೆ, ಕಾಲು ಸೋತಿತೆ?

ಆ ಬಳಿಕ ಚಿಕಿತ್ಸೆಗೆ ಬಂದ ಇನ್ನೊಬ್ಬ ವೈದ್ಯನು ರಕ್ತ ತೆಗೆಯುವ ಕ್ರಮವನ್ನು ಬಿಟ್ಟು, ದಿನಕ್ಕೆ ಎರಡಾವೃತ್ತಿ ಗೋಮಾಂಸವನ್ನೂ ಶೆರಿ, ಮಡೇರಾ ಎಂಬ ದ್ರಾಕ್ಷಾಮದ್ಯಗಳನ್ನೂ ವಿಧಿಸಿ, ಮೈಗೆ ತೈಲಲೇಪನವನ್ನು ಮಾಡಿಸಿದನು. ದೆಸ್ತೆಯು ಚೇತರಿಸಿಕೊಂಡನು. ಆಹಾರದಿಂದಲೋ, ಲೇಪನದಿಂದಲೋ, ಇಲ್ಲವೆ ರೋಗವು ತಾನಾಗಿ ಹಿಂದೆಗೆದುದರಿಂದಲೋ ಎಂದು ಕೇಳಿದರೆ, ಮೂರನೆಯದೇ ಉತ್ತರವೆಂದು ಇಂದು ಧೈರ್ಯವಾಗಿ ಹೇಳಬಹುದು. ಆದರೆ ಆ ಕಾಲದವರಿಗೆ ಅದನ್ನು ತಿಳಿಯುವ ಮಾರ್ಗವಿರಲಿಲ್ಲ. ಮುಂದಿನ ವರ್ಷಗಳಲ್ಲಿ ಅವನು ಖನಿಜಜಲದ ಸ್ನಾನಗಳನ್ನೂ ವಿದ್ಯುತ್ತಿನ ಚಿಕಿತ್ಸೆಯನ್ನೂ ಆಶ್ರಯಿಸಿದನು. ಪ್ರತಿಯೊಂದು ಸಲವೂ ಕಳೆದುಕೊಂಡದ್ದರಲ್ಲಿ ಸ್ವಲ್ಪ ಮರಳಿ ಬಂದಿತು, ಸ್ವಲ್ಪ ಬಾರದೆ ಉಳಿಯಿತು. ನಡಿಗೆಗೆ ಊರುಗೋಲು ಬೇಕಾಯಿತು. ಕಡೆಯ ವರ್ಷಗಳಲ್ಲಿ ಗಾಲಿಗಳ ಕುರ್ಚಿಯೂ ಬೇಕಾಯಿತು. 1848ರಲ್ಲಿ ಅವನು ಮರಣಹೊಂದಿದನು. ಅದಕ್ಕೆ ಸರಿಯಾಗಿ ನೂರು ವರ್ಷಗಳ ಅನಂತರ ಡಗ್ಲಸ್ ಫರ್ತ್ ಎಂಬ ವೈದ್ಯನು ಆ ದಿನಚರಿಯನ್ನು ಆಧರಿಸಿ ಪುಸ್ತಕವನ್ನು ಪ್ರಕಟಿಸಿ, ಅವನ ವ್ಯಾಧಿ ಯಾವುದೆಂಬುದನ್ನು ಲೋಕಕ್ಕೆ ವಿವರಿಸಿದನು.

ಇಲ್ಲಿ ಈ ರೋಗದ ಕ್ರಮವನ್ನು ಸ್ವಲ್ಪ ಹೇಳಬೇಕು. ಮಿದುಳಿನಿಂದ ಹೊರಟ ಆಜ್ಞೆಯು ಬೆನ್ನುಹುರಿಯ ಮೂಲಕ ಅಂಗಾಂಗಗಳಿಗೆ ಹರಿಯುವ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು; ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸಿ ಗಾಯದ ಕಲೆಗಳನ್ನು ಉಳಿಸುತ್ತದೆ. ಕಾಲುವೆಯ ಏರಿಯು ಹಲವೆಡೆ ಒಡೆದಾಗ ಎಲ್ಲಕ್ಕಿಂತ ಮೊದಲು ಒಣಗುವುದು ಕಟ್ಟಕಡೆಯ ಹೊಲವೇ ಆದಂತೆ, ಅತ್ಯಂತ ದೀರ್ಘವಾದ ಮಾರ್ಗವನ್ನು ಕ್ರಮಿಸಿ ಪಾದಗಳನ್ನು ಮುಟ್ಟಬೇಕಾದ ಆಜ್ಞೆಗೆ ವಿಘ್ನಗಳು ಹೆಚ್ಚು. ಕಾಲು ಬಲಗುಂದುವುದರ ಜತೆಗೆ ಸೆಟೆದುಕೊಳ್ಳುತ್ತದೆ. ಪಾದದ ಮುಂಭಾಗವು ಜೋತು ಬಿದ್ದು, ಹೊಸ್ತಿಲಿಗೂ ಜಮಖಾನೆಯ ಅಂಚಿಗೂ ಬೆರಳು ಎಡವುತ್ತದೆ. ಬೆಳಿಗ್ಗೆ ಸರಾಗವಾಗಿದ್ದ ನಡಿಗೆಯು ಮಧ್ಯಾಹ್ನಕ್ಕೆ ಭಾರವಾಗುತ್ತದೆ.

ದೆಸ್ತೆಯು ಬದುಕಿದ್ದಾಗಲೇ, 1838ರಲ್ಲಿ, ರಾಬರ್ಟ್ ಕಾರ್ಸ್‌ವೆಲ್ ಎಂಬ ಪಂಡಿತನು ಲಂಡನ್ನಿನಲ್ಲಿ ಪ್ರಕಟಿಸಿದ ಚಿತ್ರಸಂಪುಟದಲ್ಲಿ ಬೆನ್ನುಹುರಿಯ ಮೇಲಿನ ಈ ಕಲೆಗಳು ಅಚ್ಚಾಗಿದ್ದವು. ಪ್ಯಾರಿಸ್ಸಿನಲ್ಲಿ ಕ್ರುವೇಲಿಯೇ ಎಂಬವನೂ ಅವೇ ವರ್ಷಗಳಲ್ಲಿ ಇಂಥ ಚಿತ್ರಗಳನ್ನು ಬರೆಯಿಸಿದನು. ಒಂದು ಕಡೆ ಶವದ ಚಿತ್ರ, ಮತ್ತೊಂದು ಕಡೆ ಜೀವಂತನ ದಿನಚರಿ. ಇವೆರಡನ್ನೂ ಜೋಡಿಸುವವರು ಮಾತ್ರ ಇನ್ನೂ ಬಂದಿರಲಿಲ್ಲ.

ಜೋಡಿಸಿದವನು ಪ್ಯಾರಿಸ್ಸಿನ ಜಾನ್ ಮಾರ್ಟಿನ್ ಶಾರ್ಕೋ. ಹಿಂದೆ ಸಿಡಿಮದ್ದಿನ ಸಾಮಗ್ರಿಯ ನೆಲೆಯಾಗಿದ್ದ ಸ್ಥಳದಲ್ಲಿ ದಿಕ್ಕಿಲ್ಲದ ಬಡ ಹೆಂಗಸರಿಗಾಗಿ 17ನೆಯ ಶತಮಾನದಲ್ಲಿ ಸ್ಥಾಪಿತವಾದ ಸಾಲ್ಪೆಟ್ರಿಯೇರ್ ಎಂಬ ಮಹಾ ಆಶ್ರಯಾಲಯದಲ್ಲಿ, ವರ್ಷಗಟ್ಟಲೆ ಅಲ್ಲಿಯೇ ಇದ್ದು ಅಲ್ಲಿಯೇ ಸಾಯುತ್ತಿದ್ದ ರೋಗಿಗಳ ನಡಿಗೆ, ನುಡಿ, ನಡುಕಗಳನ್ನು ಬದುಕಿದ್ದಾಗ ಗಮನಿಸಿ, ಸತ್ತ ಮೇಲೆ ಬೆನ್ನುಹುರಿಯನ್ನು ಪರೀಕ್ಷಿಸುವ ಅವಕಾಶವು ಅವನಿಗೆ ದೊರೆಯಿತು. ಅವನ ಮನೆಯಲ್ಲಿಯೇ ಒಬ್ಬ ಕೆಲಸದಾಕೆಯಿದ್ದಳು. ಕೈಗಳ ನಡುಕದಿಂದ ಬೇರೆಲ್ಲಿಯೂ ಕೆಲಸ ಸಿಗದಿದ್ದ ಅವಳನ್ನು, ಒಡೆದ ಪಿಂಗಾಣಿಯ ನಷ್ಟವನ್ನೆಲ್ಲ ಸಹಿಸಿಕೊಂಡು ಅವನು ಕೊನೆಯವರೆಗೂ ಇಟ್ಟುಕೊಂಡನೆಂದೂ, ಅವಳ ಮರಣಾನಂತರದ ಪರೀಕ್ಷೆಯಿಂದಲೇ ಆ ನಡುಕದ ಮೂಲವು ಈ ಕಲೆಗಳೆಂಬುದು ಸಿದ್ಧವಾಯಿತೆಂದೂ, ಶಾರ್ಕೋವಿನ ಶಿಷ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಗುರುವಿನ ಚರಮಲೇಖನದಲ್ಲಿ ಹೇಳಿದ್ದಾನೆ. 1868ರಲ್ಲಿ ಶಾರ್ಕೋ ಈ ವ್ಯಾಧಿಯನ್ನು ಪ್ರತ್ಯೇಕವಾಗಿ ನಿರೂಪಿಸಿದನು. ಸ್ಟ್ರಿಕ್ನೀನ್, ಚಿನ್ನದ ಲವಣ, ಬೆಳ್ಳಿಯ ಲವಣ ಎಲ್ಲವನ್ನೂ ಪ್ರಯೋಗಿಸಿ, ಯಾವುದರಿಂದಲೂ ನೆಚ್ಚಬಹುದಾದ ಗುಣವಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡನು. ವಿದ್ಯೆಯ ಇತಿಹಾಸದಲ್ಲಿ ಶಾರ್ಕೋವಿನ ಸ್ಥಾನವು ಎಷ್ಟು ದೊಡ್ಡದೋ, ಆ ಕೆಲಸದಾಕೆಯ ಸ್ಥಾನವೂ ಅಷ್ಟೇ ದೊಡ್ಡದೆಂದು ನಾನು ಎಣಿಸುತ್ತೇನೆ.

ಔಷಧವಿಲ್ಲದ ಈ ದೀರ್ಘಕಾಲದಲ್ಲಿ ಕಾಲು ಸೋತವರ ಕೈಹಿಡಿದವರು ಬಡಗಿ, ಕಮ್ಮಾರ, ಗಡಿಯಾರ ಮಾಡುವವರೇ. 1655ರಲ್ಲಿ ನ್ಯೂರೆಂಬರ್ಗಿನ ಬಳಿಯ ಅಲ್ಟ್‌ಡಾರ್ಫಿನಲ್ಲಿ, ನಡೆಯಲಾರದ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕುಶಲಿಯು ಕೈಯಿಂದ ತಿರುಗಿಸಿ ನಡೆಸಬಹುದಾದ ಮೂರು ಗಾಲಿಗಳ ಕುರ್ಚಿಯನ್ನು ತನಗಾಗಿ ತಾನೇ ನಿರ್ಮಿಸಿಕೊಂಡನು. ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ, ಬಿಸಿನೀರಿನ ಬುಗ್ಗೆಗಳಿಗೆ ಬರುತ್ತಿದ್ದ ಅಶಕ್ತರಿಗಾಗಿ, 18ನೆಯ ಶತಮಾನದಲ್ಲಿ ಬಾತ್ ಕುರ್ಚಿಯು ಹುಟ್ಟಿತು. ಅದನ್ನು ಹಿಂದಿನಿಂದ ಆಳು ತಳ್ಳುತ್ತಿದ್ದನು. ಆದರೆ ಮುಂದಿನ ಚಿಕ್ಕ ಗಾಲಿಗೆ ಜೋಡಿಸಿದ ಹಿಡಿಯು ಕುಳಿತವರ ಕೈಯಲ್ಲಿಯೇ ಇರುತ್ತಿತ್ತು. ಬಲವು ಮತ್ತೊಬ್ಬರದು, ದಿಕ್ಕು ತನ್ನದು. ಈ ವ್ಯವಸ್ಥೆಯನ್ನು ಯಾರು ಮೊದಲು ಯೋಚಿಸಿದರೋ ಅವರು ಅಶಕ್ತರ ಮನಸ್ಸನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. 1933ರಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್, ಗಣಿಯ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದವನು, ತನ್ನ ಗೆಳೆಯನಾದ ಹ್ಯಾರಿ ಜೆನಿಂಗ್ಸನೊಡನೆ ಸೇರಿ ಮಡಚಿ ಮೋಟಾರಿನಲ್ಲಿ ಇಡಬಹುದಾದ ಉಕ್ಕಿನ ಗಾಲಿಕುರ್ಚಿಯನ್ನು ರೂಪಿಸಿದನು. ಇಂದು ನಮ್ಮ ಆಸ್ಪತ್ರೆಗಳ ಪಡಸಾಲೆಗಳಲ್ಲಿ ಕಾಣುವ ಕುರ್ಚಿಗಳು ಅದರ ಸಂತತಿಯೇ.

ವೈದ್ಯರ ಉಪದೇಶವು ಈ ಮಧ್ಯೆ ಎರಡು ವಿಷಯಗಳಲ್ಲಿ ದಾರಿ ತಪ್ಪಿತ್ತು. ಬಿಸಿನೀರಿನ ಸ್ನಾನವು ಸೋತ ಕಾಲಿಗೆ ಹಿತವೆಂಬ ನಂಬಿಕೆಯು ಮೊದಲನೆಯದು. 1890ರಲ್ಲಿ ಜರ್ಮನಿಯ ನೇತ್ರವೈದ್ಯ ಉಟ್‌ಹಾಫ್, ಶ್ರಮಪಟ್ಟಾಗ ಇಂಥ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಂಕಾಗುವುದನ್ನು ವರ್ಣಿಸಿದನು. ಅದಕ್ಕೆ ಕಾರಣ ಮೈಯ ಶಾಖವೆಂದೂ, ಹೊದಿಕೆ ಕಳೆದುಕೊಂಡ ನರವು ಶಾಖದಲ್ಲಿ ಇನ್ನಷ್ಟು ಕುಂಠಿತವಾಗುವುದೆಂದೂ ಮುಂದೆ ತಿಳಿಯಿತು. ಕಾಲಿಗೆ ಬಲ ಬರಲೆಂದು ಬಿಸಿನೀರಿಗೆ ಇಳಿದ ಎಷ್ಟು ಜನರು ಮೇಲೇಳಲಾರದೆ ಕುಸಿದರೋ! ಎರಡನೆಯದು, ಪೂರ್ಣ ವಿಶ್ರಾಂತಿಯ ಉಪದೇಶ. ಸ್ವಿಟ್ಸರ್ಲೆಂಡಿನ ಹೈಡನ್ ಎಂಬ ಊರಿನಲ್ಲಿ ಫ್ರೆಂಕೆಲ್ ಎಂಬ ವೈದ್ಯನು 19ನೆಯ ಶತಮಾನದ ಕೊನೆಯಲ್ಲಿ, ಬೇರೊಂದು ನರರೋಗದಿಂದ ಹೆಜ್ಜೆಯ ಹಿಡಿತ ತಪ್ಪಿದವರಿಗೆ, ಕಣ್ಣಿನ ಸಹಾಯದಿಂದ ಪಾದವನ್ನು ನೆಲದ ಗುರುತುಗಳ ಮೇಲೆ ನಿಧಾನವಾಗಿ ಇಡುವ ಅಭ್ಯಾಸವನ್ನು ಕಲಿಸಿದನು. ಆ ಅಭ್ಯಾಸಗಳು ಈ ರೋಗಿಗಳಿಗೂ ಒದಗಿದವು. ಆದರೂ ವ್ಯಾಯಾಮದಿಂದ ರೋಗವು ಉಲ್ಬಣಿಸುವುದೆಂಬ ಭಯವು ಬಹುಕಾಲ ಉಳಿದು, 1996ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ ಒಂದು ಪ್ರಯೋಗವು ಕ್ರಮಬದ್ಧವಾದ ವ್ಯಾಯಾಮದಿಂದ ದೇಹಬಲವೂ ಉತ್ಸಾಹವೂ ಹೆಚ್ಚುವುದೆಂದು ತೋರಿಸಿದ ಮೇಲೆ ಮೆಲ್ಲಮೆಲ್ಲನೆ ಸಡಿಲವಾಯಿತು. ತಂಪಾದ ಹೊತ್ತಿನಲ್ಲಿ, ದಣಿವಿಗೆ ಮೊದಲೇ ನಿಲ್ಲಿಸಿ, ಮತ್ತೆ ಆರಂಭಿಸುವ ಅಭ್ಯಾಸವೇ ಇಂದಿನ ಭೌತಚಿಕಿತ್ಸಕರ ಕ್ರಮ.

ರೋಗವು ಎಷ್ಟು ಮುಂದುವರಿದಿದೆಯೆಂಬುದನ್ನು ಅಳೆಯಲು ಜಾನ್ ಕರ್ಟ್ಸ್ಕಿ ಎಂಬ ಅಮೆರಿಕದ ನರವೈದ್ಯನು 1955ರಲ್ಲಿ ಒಂದು ಮಾಪನವನ್ನು ರಚಿಸಿ, 1983ರಲ್ಲಿ ವಿಸ್ತರಿಸಿದನು. ಸೊನ್ನೆಯಿಂದ 10ರವರೆಗಿನ ಆ ಮಾಪನದ ನಡುಭಾಗವೆಲ್ಲವೂ ನಡಿಗೆಯೇ: ಯಾವ ಆಸರೆಯೂ ಇಲ್ಲದೆ 500 ಮೀಟರು ನಡೆಯಬಲ್ಲವರು 4ರಲ್ಲಿ, ಒಂದು ಕೋಲನ್ನು ಊರಿ 100 ಮೀಟರು ಹೋಗಬಲ್ಲವರು 6ರಲ್ಲಿ, ಎರಡು ಕಡೆಯೂ ಆಸರೆ ಹಿಡಿದು 20 ಮೀಟರು ಹೋಗಬಲ್ಲವರು ಆರೂವರೆಯಲ್ಲಿ, ಆಸರೆಯಿದ್ದರೂ 5 ಮೀಟರಿಗೆ ನಿಲ್ಲುವವರು 7ರಲ್ಲಿ. ಈ ರೋಗದ ಔಷಧಪರೀಕ್ಷೆಗಳಲ್ಲಿ ಇದು ಜಗತ್ತಿನಾದ್ಯಂತ ವ್ಯಾಪಕವಾಗಿ ಬಳಕೆಯಲ್ಲಿದೆ. ಕೈಗಳ ಕೌಶಲವನ್ನೂ ಆಯಾಸವನ್ನೂ ಇದು ಸಾಕಷ್ಟು ಗಣಿಸುವುದಿಲ್ಲವೆಂಬ ಆಕ್ಷೇಪವು ನ್ಯಾಯವಾದುದು. ಅದಕ್ಕಿಂತ ದೊಡ್ಡ ಆಕ್ಷೇಪವು ನನ್ನದು: ವೈದ್ಯನು ಅಳೆಯುವುದು ಒಂದು ದಿನದ ನಡಿಗೆಯನ್ನು, ದೆಸ್ತೆಯು ಅಳೆದುದು ವರ್ಷಗಳ ನಡಿಗೆಯನ್ನು, ಏರಿಕೆ ಇಳಿಕೆಗಳೊಡನೆ.

ಈ ಮಾತು ನಮ್ಮ ದೇಶಕ್ಕೂ ಅನ್ವಯಿಸುತ್ತದೆ. ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಅಂಗೀಕರಿಸಿದ 21 ಬಗೆಯ ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸಹ ಸೇರಿದೆ. ಹಳೆಯ ಕಾಯಿದೆಯಲ್ಲಿ ಅದರ ಹೆಸರೇ ಇರಲಿಲ್ಲವೆಂಬುದನ್ನು ನೆನೆದರೆ ಇದು ದೊಡ್ಡ ಹೆಜ್ಜೆ. ಆದರೆ ಸವಲತ್ತುಗಳಿಗೆ ಶೇಕಡಾ 40ರ ಮಿತಿಯನ್ನು ಮುಟ್ಟಬೇಕು. ಬಳ್ಳಾರಿಯ ಅಥವಾ ಕಲಬುರಗಿಯ ಬಿಸಿಲಿನಲ್ಲಿ ವಾಸಿಸುವ ರೋಗಿಯು ಮಾಘಮಾಸದ ತಂಪಾದ ಮುಂಜಾನೆ ತಪಾಸಣೆಗೆ ನಡೆದು ಬಂದರೆ ದೊರೆಯುವ ಅಂಕಿಯೇ ಬೇರೆ, ವೈಶಾಖದ ಮಧ್ಯಾಹ್ನ ಗೋಡೆ ಹಿಡಿದು ಬಂದರೆ ದೊರೆಯಬೇಕಾದ ಅಂಕಿಯೇ ಬೇರೆ. ತಪಾಸಣೆಯ ವೈದ್ಯರ ಮೇಜಿನ ಮೇಲೆ ರೋಗಿಯೇ ಬರೆದಿಟ್ಟ ಒಂದು ವರ್ಷದ ನಡಿಗೆಯ ಲೆಕ್ಕಕ್ಕೂ ಸ್ಥಾನವಿರಬೇಕು: ಯಾವ ದಿನ ಎಷ್ಟು ದೂರ, ಎಲ್ಲಿ ಕೋಲು, ಎಲ್ಲಿ ಹೆಗಲು, ಎಷ್ಟು ಸಲ ಬಿದ್ದುದು, ಬಿದ್ದಾಗ ಎಚ್ಚರವಿತ್ತೆ ಇಲ್ಲವೆ ಎಂಬುದರ ಸಹಿತವಾಗಿ.